ಸ್ಕ್ರೀನ್‌ಶಾಟ್ ನೋಡಿ ‘ಚೆನ್ನಾಗಿಲ್ಲ’ ಅಂದವರ ಮಾತನ್ನು ಎಷ್ಟು ಕೇಳಬೇಕು?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಬೆಂಗಳೂರಿನಲ್ಲಿ ಒಂದು ಮೆಸೇಜಿಂಗ್ ಆ್ಯಪ್ ಮಾಡುತ್ತಿದ್ದೇವೆ. ಹೋದ ತಿಂಗಳು ಸ್ಕ್ರೀನ್‌ಶಾಟ್ ಹಾಕಿ ಘೋಷಿಸಿದೆವು. ಕೇಳಿದವರಿಗೆ ಬೀಟಾ (ಬಿಡುಗಡೆಗೆ ಮುಂಚೆ ಬಳಸಿ ನೋಡಲು ಕೊಡುವ ಆವೃತ್ತಿ) ಕೂಡ ಕೊಟ್ಟೆವು. ಬಂದ ಪ್ರತಿಕ್ರಿಯೆ ನೋಡಿ ತಲೆ ಕೆಟ್ಟಿದೆ. ಕೆಲವರು ‘ಇದು ವಾಟ್ಸ್ಆ್ಯಪ್ ಕಾಪಿ’ ಅಂತಾರೆ. ಇನ್ನು ಕೆಲವರು ‘ವಾಟ್ಸ್ಆ್ಯಪ್ ಥರ ಇಲ್ಲ, ಏನೂ ಗೊತ್ತಾಗ್ತಿಲ್ಲ’ ಅಂತಾರೆ. ಬಣ್ಣ ಇಷ್ಟ ಇಲ್ಲ, ಖಾಲಿ ಖಾಲಿ ಇದೆ, ಹಳೇ ಕಾಲದ್ದು ಅನ್ನಿಸುತ್ತೆ ಅನ್ನುವವರೂ ಇದ್ದಾರೆ. ನಮ್ಮ ತಾಯಿ ಮಾತ್ರ ‘ಅಕ್ಷರ ಕೆಳಗಡೆ ಕಟ್ ಆಗಿದೆ ಕಣೋ’ ಅಂದರು. ದುಡ್ಡು ಹಾಕಿದವರು ಇಡೀ ವಿನ್ಯಾಸ ಬದಲಿಸಿ ಎಂದು ಕೂತಿದ್ದಾರೆ. ಬಿಡುಗಡೆಗೆ ಎರಡು ತಿಂಗಳಿದೆ. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ರಾಜಾಜಿನಗರ

ಉತ್ತರ: ಇಡೀ ವಿನ್ಯಾಸ ಬದಲಿಸಬೇಡಿ. ನೀವು ಬರೆದಿರುವ ದೂರುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ನಿಮ್ಮ ತಾಯಿಯವರದು. ತಾಯಿ ಅನ್ನುವ ಕಾರಣಕ್ಕಲ್ಲ. ಅಷ್ಟು ಜನರ ಪೈಕಿ ಅವರೊಬ್ಬರು ಆ್ಯಪ್‌ನಲ್ಲಿ ಏನನ್ನೋ ಓದಲು ಹೋದರು, ಓದಲು ಆಗಲಿಲ್ಲ, ಎಲ್ಲಿ ಆಗಲಿಲ್ಲ ಅಂತ ಬೆರಳಿಟ್ಟು ತೋರಿಸಿದರು. ಉಳಿದವರು ಹೇಳಿರುವುದು ನೋಡಿದ ಕೂಡಲೇ ಏನನ್ನಿಸಿತು ಅಂತ. ಅದಕ್ಕೂ ಬೆಲೆ ಇದೆ. ಆದರೆ ಎರಡನ್ನೂ ಒಂದೇ ರಾಶಿಗೆ ಹಾಕಿ ‘ಇಷ್ಟು ಜನಕ್ಕೆ ಇಷ್ಟವಾಗಲಿಲ್ಲ’ ಎಂದು ಎಣಿಸಿದರೆ ದಾರಿ ತಪ್ಪುತ್ತೀರಿ.

ನಾನು ಇಂಟರ್‌ಫೇಸ್, ಅಂದರೆ ಜನ ನೋಡುವ, ಒತ್ತುವ ಪರದೆಗಳ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮೆಸೇಜಿಂಗ್ ಆ್ಯಪ್ ಬೇರೆ ಆ್ಯಪ್‌ಗಳ ಹಾಗಲ್ಲ. ಕ್ಯಾಲ್ಕುಲೇಟರನ್ನೋ ನಕ್ಷೆಯನ್ನೋ ಒಬ್ಬರೇ ಕೂತು ಬಳಸಿ ಅಭಿಪ್ರಾಯ ಹೇಳಬಹುದು. ಮೆಸೇಜಿಂಗ್‌ನಲ್ಲಿ ಆ ಕಡೆ ಒಬ್ಬರು ಇರಲೇಬೇಕು. ಅಣ್ಣ, ಓನರ್, ಆಫೀಸಿನ ಮ್ಯಾನೇಜರ್, ಮಗುವಿನ ಸ್ಕೂಲ್ ಗ್ರೂಪ್ ಎಲ್ಲ ಒಳಗೆ ಬಂದ ಮೇಲೇ ಅದು ನಿಜವಾದ ಆ್ಯಪ್. ಘೋಷಣೆಯ ದಿನ ಜನ ನೋಡಿದ್ದು ಸುಳ್ಳು ಹೆಸರು, ಸುಳ್ಳು ಮಾತು ತುಂಬಿದ ಚಿತ್ರ. ಮದುವೆಗೆ ಮುಂಚಿನ ದಿನ ಖಾಲಿ ಛತ್ರ ನೋಡಿದ ಹಾಗೆ. ಬಾಗಿಲು, ಬಣ್ಣ, ಕುರ್ಚಿ ಕಾಣುತ್ತದೆ. ನಾಳೆ ಊಟಕ್ಕೆ ಎಲ್ಲಿ ನೂಕುನುಗ್ಗಲಾಗುತ್ತದೆ ಅನ್ನುವುದು ಕಾಣುವುದಿಲ್ಲ.

ಹಳೆಯ ಉದಾಹರಣೆ ತೆಗೆದುಕೊಳ್ಳಿ. 2005ರ ಆಗಸ್ಟ್‌ನಲ್ಲಿ ಗೂಗಲ್ ಟಾಕ್ ಬಂತು. ಆಗ ನಮ್ಮ ಸೈಬರ್ ಕೆಫೆಗಳಲ್ಲಿ ಯಾಹೂ ಮೆಸೆಂಜರ್ ರಾಜ್ಯಭಾರ ಮಾಡುತ್ತಿತ್ತು. ಕುಣಿಯುವ ಸ್ಮೈಲಿಗಳು, ಕಿಟಕಿಯನ್ನೇ ಅಲ್ಲಾಡಿಸುವ ಬಝ್, ಮಾತಾಡುವ ಬೊಂಬೆಗಳು, ಚಾಟ್ ರೂಮ್‌ಗಳು. ಅದರ ಪಕ್ಕದಲ್ಲಿ ಗೂಗಲ್ ಟಾಕ್ ಬಿಳಿ ಹಾಳೆಯ ಮೇಲೆ ಹೆಸರಿನ ಪಟ್ಟಿ ಅಷ್ಟೇ. ‘ಸಪ್ಪೆ’, ‘ಇದರಲ್ಲಿ ಏನೂ ಇಲ್ಲ’ ಅನ್ನುವ ಮಾತು ಆಗಲೂ ಬಂತು. ಮುಂದೆ 2006ರ ಫೆಬ್ರವರಿಯಲ್ಲಿ ಅದೇ ಚಾಟ್ ಜಿಮೇಲ್ ಒಳಗೇ ಬಂದು ಕೂತಿತು. ಆಗ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಜಿಮೇಲ್‌ನ ಎಡಪಕ್ಕದ ಹಸಿರು ಚುಕ್ಕಿಗಳು ನೆನಪಿರುತ್ತವೆ. ಮೇಲ್ ಓದುತ್ತಾ ಪಕ್ಕದಲ್ಲೇ ಮಾತಾಡಬೇಕಾದವರಿಗೆ ಆ ಸಪ್ಪೆತನವೇ ಬೇಕಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಕೊರತೆಯಾಗಿ ಕಂಡದ್ದು ಬಳಕೆಯಲ್ಲಿ ಅನುಕೂಲವಾಯಿತು.

ಹಾಗಂತ ‘ಜನಕ್ಕೆ ಏನೂ ಗೊತ್ತಾಗಲ್ಲ, ಸ್ವಲ್ಪ ದಿನ ಬಿಟ್ಟರೆ ಒಗ್ಗಿಕೊಳ್ಳುತ್ತಾರೆ’ ಎಂದು ಕೂರಬೇಡಿ. ಈ ಊರಿನ ಎಷ್ಟೋ ತಂಡಗಳು ಹೀಗೆ ಹೇಳಿಕೊಂಡೇ ಒಳ್ಳೆಯ ದೂರುಗಳನ್ನು ಕಳೆದುಕೊಂಡಿವೆ. ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಬೇರೆ ಮಾಡುವುದೇ ಈಗ ನಿಮ್ಮ ಕೆಲಸ.

ಬಣ್ಣ ಸಾಮಾನ್ಯವಾಗಿ ಒಗ್ಗುತ್ತದೆ. 2024ರಲ್ಲಿ ಐಫೋನ್‌ನ ವಾಟ್ಸ್ಆ್ಯಪ್‌ನಲ್ಲಿ ನೀಲಿ ಹೋಗಿ ಹಸಿರು ಬಂದಾಗ ಬೇಸರಪಟ್ಟುಕೊಂಡವರು ಕಡಿಮೆ ಇರಲಿಲ್ಲ. ಕಂಪನಿ ಬದಲಿಸಲಿಲ್ಲ, ಜನ ಬಿಟ್ಟೂ ಹೋಗಲಿಲ್ಲ. ಮತ್ತೆ ಮತ್ತೆ ನೋಡಿದ್ದು ನಿಧಾನವಾಗಿ ಇಷ್ಟವಾಗುತ್ತಾ ಹೋಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಆದರೆ ಬಣ್ಣದ ದೂರು ಬಂದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ನಿಮಗೆ ಇಷ್ಟ ಆಗ್ಲಿಲ್ವಾ, ಅಥವಾ ಓದೋಕೆ ಕಷ್ಟ ಆಗ್ತಿದ್ಯಾ?’ ಎರಡನೆಯದಾದರೆ ಅದು ಒಗ್ಗುವ ವಿಷಯವೇ ಅಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು ಅನ್ನುವುದು ಎಲ್ಲೆಡೆ ಒಪ್ಪಿಕೊಂಡಿರುವ ಅಳತೆ. ತಿಳಿ ಬೂದು ಅಕ್ಷರದಲ್ಲಿ ಸಮಯ, ಟಿಕ್ ಗುರುತು ಹಾಕುವ ಫ್ಯಾಷನ್ ಇದೆಯಲ್ಲ, ಅಲ್ಲೇ ಈ ಅಳತೆ ಕೈಕೊಡುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಆಟೋ ಸ್ಟ್ಯಾಂಡ್ ಹತ್ತಿರ ನಿಂತು, ಫೋನಿನ ಬೆಳಕು ಅರ್ಧಕ್ಕೆ ಇಳಿಸಿ, ನಿಮ್ಮ ಆ್ಯಪ್ ಓದಿ ನೋಡಿ. ಎಸಿ ರೂಮಿನ ದೊಡ್ಡ ಮಾನಿಟರ್‌ನಲ್ಲಿ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ. ‘ಹಳೇ ಕಾಲದ್ದು’ ಅನ್ನುವ ದೂರನ್ನು ಸದ್ಯಕ್ಕೆ ಬದಿಗಿಡಿ. ಅದರಿಂದ ಏನು ಮಾಡಬೇಕು ಅಂತ ನಿಮಗೂ ತಿಳಿಯುವುದಿಲ್ಲ, ಹೇಳಿದವರಿಗೂ ತಿಳಿದಿರುವುದಿಲ್ಲ.

ಇನ್ನು ‘ಕಾಪಿ’ ಮತ್ತು ‘ವಾಟ್ಸ್ಆ್ಯಪ್ ಥರ ಇಲ್ಲ’. ಒಂದಕ್ಕೊಂದು ವಿರುದ್ಧ ಅನ್ನಿಸಿದರೂ ಎರಡೂ ಒಂದೇ ಕಡೆಯಿಂದ ಬಂದ ಮಾತು. ನಮ್ಮ ಜನ ಎಷ್ಟೋ ವರ್ಷದಿಂದ ಒಂದೇ ಆ್ಯಪ್‌ನಲ್ಲಿ ಕೈ ಪಳಗಿಸಿಕೊಂಡಿದ್ದಾರೆ. ಜನ ತಮ್ಮ ಹೆಚ್ಚಿನ ಸಮಯವನ್ನು ಬೇರೆಯವರ ಸೈಟ್‌ಗಳಲ್ಲಿ ಕಳೆಯುತ್ತಾರೆ, ಆದ್ದರಿಂದ ನಿಮ್ಮದೂ ಅವರಿಗೆ ಗೊತ್ತಿರುವ ಹಾಗೆಯೇ ನಡೆಯಲಿ ಎಂದು ಬಯಸುತ್ತಾರೆ. ಇದು ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ ಹೇಳಿದ್ದು, ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ನಾನು ಕಳಿಸಿದ್ದು ಬಲಗಡೆ, ಬಂದದ್ದು ಎಡಗಡೆ. ಮೈಕ್ ಕೆಳಗೆ ಬಲ ಮೂಲೆಯಲ್ಲಿ. ಹೊಸ ಮೆಸೇಜ್ ಬಂದ ಗ್ರೂಪ್ ಪಟ್ಟಿಯ ಮೇಲಕ್ಕೆ. ಮೆಸೇಜನ್ನು ಒತ್ತಿ ಹಿಡಿದರೆ ಅಳಿಸುವ, ಫಾರ್ವರ್ಡ್ ಮಾಡುವ ಆಯ್ಕೆ. ಇವುಗಳನ್ನು ಮುಟ್ಟಬೇಡಿ. ಇವು ಯಾವ ಕಂಪನಿಯ ಸ್ವತ್ತೂ ಅಲ್ಲ, ಬೆರಳಿಗೆ ಆಗಿಹೋದ ಅಭ್ಯಾಸ. ಇವಿಷ್ಟನ್ನು ಉಳಿಸಿಕೊಂಡ ಮೇಲೂ ‘ಕಾಪಿ’ ಅಂದರೆ ಅನ್ನಲಿ, ನೀವು ಕುಗ್ಗಬೇಕಾಗಿಲ್ಲ.

ಈಚಿನ ಉದಾಹರಣೆ ಜೋಹೋ ಕಂಪನಿಯ ಅರಟ್ಟೈ. 2021ರಲ್ಲೇ ಬಂದಿದ್ದ ಆ್ಯಪ್ ಅದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಜನ ಮುಗಿಬಿದ್ದರು. ನೋಡಲು ವಾಟ್ಸ್ಆ್ಯಪ್ ಥರಾನೇ ಇದೆ ಅನ್ನುವ ಮಾತು ಅದಕ್ಕೂ ಬಂತು. ನನ್ನ ಅಭಿಪ್ರಾಯದಲ್ಲಿ ಆ ಹೋಲಿಕೆಯಿಂದ ಅದಕ್ಕೆ ಲಾಭವೇ ಆಯಿತು. ಮನೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಿಜವಾಗಿ ಕಾಡಿದ ಪ್ರಶ್ನೆ ಬೇರೆಯದು. ಆಗ ಅದರಲ್ಲಿ ಕರೆಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಆ ಕಡೆ ಈ ಕಡೆಯವರು ಬಿಟ್ಟು ಕಂಪನಿಗೂ ತಿಳಿಯದ ಗುಪ್ತಲಿಪಿ) ಇತ್ತು, ಮೆಸೇಜ್‌ಗಳಿಗೆ ಇರಲಿಲ್ಲ. ಅದು ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ವಿಷಯವಲ್ಲ. ಆದರೂ ಜನ ಅದನ್ನೇ ಹಿಡಿದು ಕೇಳಿದರು, ಕೇಳಿದ್ದು ಸರಿಯೂ ಹೌದು. ನಿಮ್ಮಲ್ಲಿ ಈ ವಿಷಯ ಏನಾಗಿದೆ ಎಂದು ನೀವು ಬರೆದಿಲ್ಲ. ಇನ್ನೂ ಆಗಿಲ್ಲದಿದ್ದರೆ ಬಣ್ಣದ ಚರ್ಚೆ ನಿಲ್ಲಿಸಿ ಅದಕ್ಕೆ ಜನ ಹಾಕಿ.

ಹಾಗೆಯೇ, ನೋಟ ಎಲ್ಲರಿಗೂ ಇಷ್ಟವಾದರೂ ಅದೊಂದರಿಂದಲೇ ಜನ ನಿಲ್ಲುವುದಿಲ್ಲ. ಹೈಕ್ ಮೆಸೆಂಜರ್ 2012ರ ಡಿಸೆಂಬರ್‌ನಲ್ಲಿ ಬಂತು. ಅದರ ಸ್ಟಿಕರ್‌ಗಳು ಕಾಲೇಜು ಹುಡುಗರಿಗೆ ಅಚ್ಚುಮೆಚ್ಚಾಗಿದ್ದವು. ನೋಂದಾಯಿಸಿದವರು 10 ಕೋಟಿ ದಾಟಿದರು ಎಂದು 2016ರಲ್ಲಿ ಕಂಪನಿಯೇ ಹೇಳಿತ್ತು. 2021ರ ಜನವರಿಯಲ್ಲಿ ಅದು ಮುಚ್ಚಿತು. ಅಪ್ಪ, ಅಮ್ಮ, ಆಫೀಸು, ಅಪಾರ್ಟ್‌ಮೆಂಟ್ ಎಲ್ಲ ಇನ್ನೊಂದು ಕಡೆ ಇದ್ದಾಗ ಸ್ಟಿಕರ್ ಎಷ್ಟು ಚೆಂದ ಇದ್ದರೂ ಹಿಡಿದು ನಿಲ್ಲಿಸುವುದು ಕಷ್ಟ.

ಈಗ ನೀವು ಜಾಸ್ತಿ ಹೊತ್ತು ಕೊಡಬೇಕಾದ ಜಾಗಕ್ಕೆ ಬರೋಣ. ಕೆಲವು ದೂರುಗಳು ಮೇಲ್ನೋಟಕ್ಕೆ ವಿನ್ಯಾಸದ ಬಗ್ಗೆ ಇರುತ್ತವೆ. ಕೆದಕಿದರೆ ಒಳಗೆ ಸಂಬಂಧದ ವಿಷಯ ಇರುತ್ತದೆ.

2014ರ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್ ಎರಡು ಟಿಕ್ಕುಗಳನ್ನು ನೀಲಿ ಮಾಡಿತು. ಬದಲಾದದ್ದು ಒಂದು ಸಣ್ಣ ಗುರುತಿನ ಬಣ್ಣ ಅಷ್ಟೇ. ಆದರೆ ‘ಓದಿದ್ದೀಯ, ಯಾಕೆ ಉತ್ತರ ಕೊಟ್ಟಿಲ್ಲ?’ ಅನ್ನುವ ಪ್ರಶ್ನೆ ಗಂಡ ಹೆಂಡತಿ ಮಧ್ಯೆ, ಬಾಸ್ ಮತ್ತು ಕೆಲಸದವರ ಮಧ್ಯೆ ಬಂದು ನಿಂತಿತು. ಕೆಲವೇ ವಾರಗಳಲ್ಲಿ ಅದನ್ನು ಆಫ್ ಮಾಡುವ ಆಯ್ಕೆ ಕೊಡಬೇಕಾಯಿತು. 2017ರ ಫೆಬ್ರವರಿಯಲ್ಲಿ ಹೆಸರಿನ ಕೆಳಗೆ ಬರೆದುಕೊಳ್ಳುವ ಒಂದು ಸಾಲನ್ನು ತೆಗೆದು, 24 ಗಂಟೆಯಲ್ಲಿ ಮಾಯವಾಗುವ ಫೋಟೋ ಸ್ಟೇಟಸ್ ತಂದರು. ಜನ ಒಪ್ಪಲಿಲ್ಲ. ಮುಂದಿನ ತಿಂಗಳೇ ಆ ಸಾಲು ವಾಪಸ್ ಬಂತು. ಅದು ಎಷ್ಟೋ ಜನಕ್ಕೆ ‘ಮೀಟಿಂಗ್‌ನಲ್ಲಿದ್ದೇನೆ’, ‘ಮೆಸೇಜ್ ಮಾತ್ರ ಮಾಡಿ’ ಎಂದು ಹೇಳಿಕೊಳ್ಳುವ ಜಾಗವಾಗಿತ್ತು. ಗಮನಿಸಿ, ಫೋಟೋ ಸ್ಟೇಟಸ್ಸೂ ಉಳಿಯಿತು. ಜನರಿಗೆ ನೋವಾದದ್ದು ಹೊಸದು ಬಂದದ್ದಕ್ಕಿಂತ ಕೈಯಲ್ಲಿದ್ದದ್ದು ಹೋದದ್ದಕ್ಕೆ.

ಸ್ನ್ಯಾಪ್‌ಚಾಟ್ ಕಥೆ ಇದಕ್ಕಿಂತ ಗಂಭೀರ. 2018ರ ಆರಂಭದಲ್ಲಿ ಹೊಸ ವಿನ್ಯಾಸ ಎಲ್ಲರಿಗೂ ತಲುಪಿತು. ಗೆಳೆಯರ ಸ್ಟೋರಿಗಳನ್ನು (ಒಂದು ದಿನದಲ್ಲಿ ಮಾಯವಾಗುವ ಫೋಟೋ, ವಿಡಿಯೋ) ಚಾಟ್‌ಗಳ ಜೊತೆ ಬೆರೆಸಿ, ಕ್ರಮವನ್ನು ಕಂಪ್ಯೂಟರ್ ಲೆಕ್ಕಕ್ಕೆ ಬಿಟ್ಟರು. ಹಳೆಯದನ್ನು ವಾಪಸ್ ಕೊಡಿ ಎಂದು 12 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ದಿನವೂ ಬಳಸುವವರ ಸಂಖ್ಯೆ ಆ ವರ್ಷ ಒಂದೇ ತ್ರೈಮಾಸಿಕದಲ್ಲಿ 19.1 ಕೋಟಿಯಿಂದ 18.8 ಕೋಟಿಗೆ ಇಳಿಯಿತು. ಹೊಸ ವಿನ್ಯಾಸವೇ ಮುಖ್ಯ ಕಾರಣ ಎಂದು ಕಂಪನಿಯೇ ಒಪ್ಪಿಕೊಂಡಿತು. ಅದಕ್ಕೂ ಮೊದಲೇ ಒಂದಿಷ್ಟನ್ನು ಹಿಂದಕ್ಕೆ ತಂದಿತ್ತು. ಸ್ಕೈಪ್ ಕೂಡ 2017ರಲ್ಲಿ ಇದೇ ಥರದ ಸ್ಟೋರಿಗಳನ್ನು ತುರುಕಿ, 2018ರಲ್ಲಿ ತೆಗೆದುಹಾಕಿತು. ಊರಿನಲ್ಲಿರುವ ಅಜ್ಜಿಗೆ ವಿಡಿಯೋ ಕರೆ ಮಾಡಲು ಬಂದವರಿಗೆ ಅದು ಬೇಡವಾಗಿತ್ತು.

ಇವೆಲ್ಲದಕ್ಕೂ ಎದುರಾಗಿ 2006ರ ಫೇಸ್‌ಬುಕ್ ಇದೆ. ಗೆಳೆಯರು ಏನೇನು ಮಾಡಿದರು ಅಂತ ಒಂದೇ ಪಟ್ಟಿಯಲ್ಲಿ ತೋರಿಸುವ ನ್ಯೂಸ್ ಫೀಡ್ ಬಂದಾಗ ಎದ್ದ ಪ್ರತಿಭಟನೆ ಸಣ್ಣದಲ್ಲ. ಆದರೂ ಫೀಡ್ ಉಳಿಯಿತು. ನೆನಪಿಡಬೇಕಾದದ್ದು ಏನೆಂದರೆ, ಯಾರಿಗೆ ಏನು ಕಾಣಬೇಕು ಎಂದು ನಿಯಂತ್ರಿಸುವ ಆಯ್ಕೆಗಳನ್ನು ಕೆಲವೇ ದಿನಗಳಲ್ಲಿ ಸೇರಿಸಿದರು. ಗಲಾಟೆ ಎಷ್ಟು ಜೋರಾಗಿತ್ತು ಅನ್ನುವುದರಿಂದ ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಆಗುತ್ತಿರಲಿಲ್ಲ. ‘ನನಗೆ ಗೊತ್ತಿಲ್ಲದೆ ನನ್ನ ವಿಷಯ ಇನ್ನೊಬ್ಬರಿಗೆ ಕಾಣುತ್ತಿದೆ’, ‘ನನ್ನವರು ನನಗೆ ಸಿಗುತ್ತಿಲ್ಲ’ – ಈ ಎರಡರಲ್ಲಿ ಒಂದು ಮಾತು ದೂರಿನೊಳಗೆ ಇದೆಯಾ ಎಂದು ನೋಡಬೇಕು. ಇದ್ದರೆ ಹೇಳಿದವರು ಒಬ್ಬರೇ ಆದರೂ ಸರಿಪಡಿಸಿ.

ಬೆಂಗಳೂರಿಗೆ ಇದನ್ನು ಹೊಂದಿಸಿ ನೋಡಿ. ಇಲ್ಲಿ ಬಾಡಿಗೆ ಮನೆಗೆ ಬಂದ ಮೂರನೇ ದಿನವೇ ಅಪಾರ್ಟ್‌ಮೆಂಟ್ ಗ್ರೂಪಿಗೆ ಸೇರಿಸುತ್ತಾರೆ. ಸ್ಕೂಲ್ ವ್ಯಾನ್ ಗ್ರೂಪ್, ನೀರಿನ ಟ್ಯಾಂಕರ್ ಗ್ರೂಪ್, ಯೋಗ ಕ್ಲಾಸ್ ಗ್ರೂಪ್. ಒಬ್ಬ ಹೆಣ್ಣುಮಗಳ ಫೋನ್ ನಂಬರ್ ಪರಿಚಯವೇ ಇಲ್ಲದ ನೂರಾರು ಜನರ ಕೈಗೆ ಹೋಗುತ್ತದೆ. ನಿಮ್ಮ ಬೀಟಾ ಬಳಸಿದ ಮಹಿಳೆಯರಲ್ಲಿ ಯಾರಾದರೂ ‘ಗ್ರೂಪ್ ಪೇಜ್ ಯಾಕೋ ಸರಿ ಅನ್ನಿಸ್ಲಿಲ್ಲ’ ಎಂದಿದ್ದರೆ ಅವರಿಗೆ ಫೋನ್ ಮಾಡಿ ಕೇಳಿ. ನಂಬರ್ ಕಾಣುತ್ತಿರುವುದೇ ಕಾರಣ ಇರಬಹುದು. ಹೇಳಿಕೊಳ್ಳಲು ಇಷ್ಟವಾಗದೆ ‘ವಿನ್ಯಾಸ’ದ ಮೇಲೆ ಹಾಕಿರುತ್ತಾರೆ. ಟೆಲಿಗ್ರಾಂ ಆ್ಯಪ್‌ನಲ್ಲಿ ಯೂಸರ್‌ನೇಮ್ (ನಂಬರ್ ಬದಲು ಕೊಡಬಹುದಾದ ಹೆಸರು) ಬಹಳ ವರ್ಷದಿಂದ ಇದೆ, ಸಿಗ್ನಲ್ 2024ರಲ್ಲಿ ತಂದಿತು. ಗ್ರೂಪಿನಲ್ಲಿ ನಂಬರ್ ಬದಲು ಹೆಸರು ಮಾತ್ರ ತೋರಿಸುವುದನ್ನು ನೀವು ಮೊದಲ ದಿನದಿಂದಲೇ ಕೊಟ್ಟರೆ ಬಹಳ ಜನಕ್ಕೆ ನೆಮ್ಮದಿ. ಆನ್‌ಲೈನ್ ಇದ್ದಾರೆ, ಕೊನೆಗೆ ಯಾವಾಗ ನೋಡಿದರು, ಈಗ ಟೈಪ್ ಮಾಡುತ್ತಿದ್ದಾರೆ ಅನ್ನುವ ಮೂರನ್ನೂ ಬಳಸುವವರೇ ಬೇಕಾದರೆ ಆನ್ ಮಾಡಿಕೊಳ್ಳಲಿ. ಮೊದಲಿಗೆ ಆಫ್ ಇರಲಿ.

ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಆ್ಯಪ್ ಮಾಡುವವರೆಲ್ಲ ಎಡವುವುದು ಇಲ್ಲೇ. ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು ಸಾಲಿನ ಎತ್ತರ, ಬಟನ್‌ನ ಎತ್ತರ ನಿಗದಿ ಮಾಡಿರುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಅಂಥ ಪದಗಳಲ್ಲಿ ಒತ್ತಿನ ಪಕ್ಕ ಇನ್ನೊಂದು ಒತ್ತು ಬರುತ್ತದೆ. ಮೇಲುಗಡೆ ಗುಡಿಸು, ಏತ್ವ ಬೇರೆ. ಡಬ್ಬದ ಎತ್ತರ ಗಟ್ಟಿಯಾಗಿ ನಿಗದಿಯಾಗಿದ್ದರೆ ಒತ್ತಕ್ಷರದ ತಳ ಕತ್ತರಿಸಿ ಹೋಗುತ್ತದೆ. ಚಾಟ್ ಪಟ್ಟಿಯಲ್ಲಿ ಹೆಸರಿನ ಕೆಳಗೆ ಬರುವ ಒಂದು ಸಾಲು, ಗ್ರೂಪಿನ ಹೆಸರು, ಟೈಪ್ ಮಾಡುವ ಡಬ್ಬ, ಈ ಮೂರು ಕಡೆ ಮೊದಲು ನೋಡಿ. ಎತ್ತರವನ್ನು ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ ಮತ್ತೊಮ್ಮೆ ನೋಡಿ, ಯಾಕೆಂದರೆ ವಯಸ್ಸಾದವರ ಫೋನ್ ಇರುವುದೇ ಹಾಗೆ.

ಕತ್ತರಿಸುವುದು ಕಣ್ಣಿಗೆ ಕಾಣುವ ತೊಂದರೆ. ಕೋಡ್‌ನಲ್ಲಿ ಅಡಗಿರುವುದು ಇನ್ನೂ ಇದೆ. ಪ್ರೊಫೈಲ್ ಫೋಟೋ ಇಲ್ಲದವರಿಗೆ ವೃತ್ತದೊಳಗೆ ಹೆಸರಿನ ಮೊದಲ ಅಕ್ಷರ ತೋರಿಸುತ್ತೀರಿ ಅಲ್ವಾ? ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ‘ಶ್ರೀ’ ಅನ್ನುವುದು ನಾಲ್ಕು ಸಂಕೇತ: ಶ, ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ರ, ಮತ್ತು ದೀರ್ಘ ಈಕಾರದ ಚಿಹ್ನೆ. ಮೊದಲ ಸಂಕೇತ ಮಾತ್ರ ತೆಗೆದರೆ ಶ್ರೀನಿವಾಸ ಅನ್ನುವವರಿಗೆ ‘ಶ’ ಬರುತ್ತದೆ, ಕ್ಷಮಾ ಅನ್ನುವವರಿಗೆ ‘ಕ’ ಬರುತ್ತದೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ಸೌಲಭ್ಯ ಬಳಸಿದರೂ ಕನ್ನಡದ ಸಂಯುಕ್ತಾಕ್ಷರ ಹಲಂತದ ಹತ್ತಿರ ಮುರಿದು ‘ಶ್’ ಎಂದು ನಿಲ್ಲಬಹುದು. ಹಲಂತದ ನಂತರ ವ್ಯಂಜನ ಬಂದರೆ ಒಟ್ಟಿಗೇ ಇಡಬೇಕು ಅನ್ನುವ ನಿಯಮ ನೀವೇ ಬರೆದುಕೊಳ್ಳಿ. ಉದ್ದದ ಮೆಸೇಜನ್ನು ಚುಕ್ಕಿ ಹಾಕಿ ಮೊಟಕು ಮಾಡುವಾಗಲೂ ಇದೇ ನಿಯಮ. ತಮ್ಮ ಹೆಸರಿನ ಅಕ್ಷರ ಮುರಿದು ಕಂಡರೆ ಜನಕ್ಕೆ ಆ್ಯಪ್ ತಮಗಾಗಿ ಮಾಡಿದ್ದಲ್ಲ ಅನ್ನಿಸುತ್ತದೆ. ಅದು ನ್ಯಾಯವಾದ ಬೇಸರ.

ಹುಡುಕಾಟದಲ್ಲಿ ಇನ್ನೊಂದು. ‘ಸ್ಕ್ರೀನ್‌ಶಾಟ್’ ಎಂದು ಬರೆಯುವಾಗ ನ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಇಲ್ಲದಿದ್ದರೆ ಶಕಾರ ನಕಾರಕ್ಕೆ ಒತ್ತಾಗಿ ಕೆಳಗೆ ಕೂರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಹುಡುಕುವಾಗ ಆ ಸಂಕೇತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಲಿಸಬೇಕು. ಇಲ್ಲದಿದ್ದರೆ ಮೆಸೇಜ್ ಕಣ್ಣೆದುರಿಗಿದ್ದರೂ ‘ಸಿಗಲಿಲ್ಲ’ ಎಂದು ಬರುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ನಮ್ಮಲ್ಲಿ ಬಹಳ. ಅವರು ಟೈಪ್ ಮಾಡಿದ್ದನ್ನು ಇಂಗ್ಲಿಷ್ ಪದವಾಗಿ ತಿದ್ದಲು ಹೋಗಬೇಡಿ. ಟೈಪ್ ಮಾಡುವ ಕಷ್ಟವೇ ಬೇಡ ಅಂತ ಮಾತಾಡಿ ಕಳಿಸುವವರೂ ಅಷ್ಟೇ ಜನ ಇದ್ದಾರೆ. ಆದ್ದರಿಂದ ಮೈಕ್ ಬಟನ್ ಯಾವ ಮೆನುವಿನ ಒಳಗೂ ಹೋಗಬಾರದು.

ಬಟನ್ ಮೇಲಿನ ಕನ್ನಡದ ಬಗ್ಗೆಯೂ ಒಂದು ಮಾತು. ‘ಅಳಿಸು’ ಬೇಡ, ‘ಅಳಿಸಿ’ ಇರಲಿ. ‘ಗ್ರೂಪ್ ಬಿಟ್ಟರು’, ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಹುವಚನ ಹಾಕಿದರೆ ಗೌರವವೂ ಉಳಿಯುತ್ತದೆ, ಗಂಡೋ ಹೆಣ್ಣೋ ಅನ್ನುವ ಗೊಂದಲವೂ ಇರುವುದಿಲ್ಲ. ಮ್ಯೂಟ್, ಬ್ಲಾಕ್, ಫಾರ್ವರ್ಡ್ ಇವುಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬಿಡಿ. ಜನ ಆಡುವುದು ಅದನ್ನೇ.

‘ಖಾಲಿ ಖಾಲಿ’ ಅನ್ನುವ ದೂರನ್ನು ಎರಡು ಭಾಗ ಮಾಡಿ. ಸ್ಕ್ರೀನ್‌ಶಾಟ್ ನೋಡಿ ಹೇಳಿದವರು ಜಾಗ ಜಾಸ್ತಿ ಬಿಟ್ಟಿದ್ದೀರಿ ಎನ್ನುತ್ತಿದ್ದಾರೆ, ಅದನ್ನು ಬಿಡಿ. ಬೀಟಾ ಹಾಕಿಕೊಂಡವರು ಹೇಳಿದ್ದರೆ ಅದು ಬೇರೆ. ಅವರು ಆ್ಯಪ್ ತೆರೆದಾಗ ಒಳಗೆ ಯಾರೂ ಇಲ್ಲ. ಹೊಸ ಮೆಸೇಜಿಂಗ್ ಆ್ಯಪ್‌ಗೆ ಅತ್ಯಂತ ಅಪಾಯದ ಪರದೆ ಅದೇ. ಅದನ್ನು ತುಂಬಿಸಲು ಇಡೀ ಕಾಂಟ್ಯಾಕ್ಟ್ ಪಟ್ಟಿ ಕೇಳಿ ಎಲ್ಲರಿಗೂ ಆಮಂತ್ರಣ ಕಳಿಸುವ ದಾರಿ ಹಿಡಿಯಬೇಡಿ, ಮೊದಲ ದಿನವೇ ನಂಬಿಕೆ ಹೋಗುತ್ತದೆ. ಅದರ ಬದಲು ಒಂದು ಗುಂಪು ಒಟ್ಟಿಗೇ ಬರುವ ಹಾಗೆ ಮಾಡಿ. ಮನೆಯವರು ನಾಲ್ಕು ಜನ ಒಂದು ಲಿಂಕ್ ಒತ್ತಿ ನೇರವಾಗಿ ಒಂದೇ ಚಾಟ್‌ಗೆ ಬಂದು ಬೀಳಬೇಕು. ಅಲ್ಲಿಯವರೆಗೆ ತಮಗೆ ತಾವೇ ಮೆಸೇಜ್ ಕಳಿಸಿಕೊಳ್ಳುವ ಚಾಟ್ ಒಂದು ಇರಲಿ. ಸಾಮಾನು ಪಟ್ಟಿ, ಬಿಲ್ಲಿನ ಫೋಟೋ ಹಾಕಿಕೊಳ್ಳಲು ಎಲ್ಲರಿಗೂ ಬೇಕು.

ಕೈ ತಲುಪುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ಮೊಬೈಲ್ ವಿನ್ಯಾಸದ ತಜ್ಞ ಸ್ಟೀವನ್ ಹೂಬರ್ ಬೀದಿಯಲ್ಲಿ, ಬಸ್ಸಿನಲ್ಲಿ ಫೋನ್ ಬಳಸುವವರನ್ನು 1,333 ಬಾರಿ ಗಮನಿಸಿ ಬರೆದರು. ಪರದೆ ಮುಟ್ಟಿ ಬಳಸುತ್ತಿದ್ದವರ ಪೈಕಿ 49% ಒಂದೇ ಕೈಯಲ್ಲಿ ಹಿಡಿದಿದ್ದರು. ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಇನ್ನೊಂದು ಕೈ ಇರುವುದೇ ಇಲ್ಲ. ಮುಖ್ಯವಾದದ್ದೆಲ್ಲ ಪರದೆಯ ಕೆಳಗಡೆ ಇಡಿ. ವಾಟ್ಸ್ಆ್ಯಪ್ ಕೂಡ 2024ರಲ್ಲಿ ಆಂಡ್ರಾಯ್ಡ್‌ನಲ್ಲಿ ಟ್ಯಾಬ್‌ಗಳನ್ನು ಕೆಳಕ್ಕೆ ತಂದಿತು. ಕನ್ನಡ ಕೀಬೋರ್ಡ್ ತೆರೆದಾಗ ಅದರ ಸಲಹೆಯ ಪಟ್ಟಿಯೂ ಸೇರಿ ಅರ್ಧ ಪರದೆ ಹೋಗುತ್ತದೆ. ಆಗ ಚಾಟ್ ಎಷ್ಟು ಕಾಣುತ್ತದೆ ಎಂದು ಚಿಕ್ಕ ಫೋನಿನಲ್ಲಿ ನೋಡಿ.

ಇನ್ನು ಪರೀಕ್ಷೆ. ಒಂದು ಸುತ್ತಿಗೆ ಐದು ಜನ ಸಾಕು ಅನ್ನುವುದು ನೀಲ್ಸನ್ 2000ದಲ್ಲಿ ಬರೆದ ಸಲಹೆ. ನಿಮಗೆ ನಾನು ಹೇಳುವುದು, ಐದು ಜನ ಬೇಡ, ಐದು ಜೋಡಿ ತನ್ನಿ. ಅಕ್ಕ ತಂಗಿ, ಅಪ್ಪ ಮಗ, ಅಂಗಡಿಯವರು ಮತ್ತು ಅವರಿಗೆ ಸಾಮಾನು ಹಾಕುವವರು. ಈಗಿನ ನಿಮ್ಮ ಬೀಟಾ ಬಳಗದಲ್ಲಿ ಹೆಚ್ಚಿನವರು ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಸಾಫ್ಟ್‌ವೇರ್ ಗೆಳೆಯರೇ ಇರಬೇಕು. ಅವರಿಂದ ಸಿಗುವುದು ಅವರ ವೃತ್ತಿಯ ಅಭಿಪ್ರಾಯ. ನಿಮ್ಮ ರಾಜಾಜಿನಗರದಲ್ಲೇ ದಿನಸಿ ಅಂಗಡಿ, ಟೈಲರ್ ಅಂಗಡಿ, ಟ್ಯೂಷನ್ ಮನೆ ಇಲ್ವಾ? ಅಲ್ಲಿಗೆ ಹೋಗಿ. ಕೆಲಸ ಕೊಡಿ: ಗ್ರೂಪಿಗೆ ಮೂರು ಫೋಟೋ ಹಾಕಿ, ತಪ್ಪಾಗಿ ಹೋದ ಮೆಸೇಜ್ ಅಳಿಸಿ, ಹೋದ ವಾರ ಕಳಿಸಿದ ಬಾಡಿಗೆ ರಸೀದಿ ಹುಡುಕಿ, ಈ ಗ್ರೂಪ್ ಸದ್ದು ಮಾಡದ ಹಾಗೆ ಮಾಡಿ. ಕೊಟ್ಟ ಮೇಲೆ ಸುಮ್ನೆ ಕೂತು ನೋಡಿ. ಬಾಯಿಬಿಟ್ಟು ಹೇಳಿಕೊಡಬೇಡಿ, ಬೆರಳು ತೋರಿಸಬೇಡಿ. ಎಲ್ಲಿ ಬೆರಳು ನಿಂತಿತು ಅಂತ ಬರೆದುಕೊಳ್ಳಿ. ಆ್ಯಪ್ ಅವರ ಹತ್ತಿರ ಒಂದು ವಾರ ಇರಲಿ. ವಾರವಾದ ಮೇಲೆ ಬಣ್ಣ ಹೇಗಿದೆ ಅಂತ ಕೇಳಿ. ಆಗಲೂ ಬೇಡ ಅಂದರೆ ಬದಲಿಸುವ ಯೋಚನೆ ಮಾಡಿ.

ದುಡ್ಡು ಹಾಕಿದವರ ಜೊತೆ ವಾದ ಮಾಡಬೇಡಿ. ಪ್ರತಿಕ್ರಿಯೆಗಳ ರಾಶಿ ತೋರಿಸಿದರೆ ಅವರು ಸಂಖ್ಯೆ ನೋಡಿ ಹೆದರುತ್ತಾರೆ. ಈ ಜೋಡಿಗಳು ಒಪ್ಪಿದರೆ ಅವರ ಪರದೆಯ ವಿಡಿಯೋ ತೆಗೆದುಕೊಂಡು ಅದನ್ನು ತೋರಿಸಿ. ಎಲ್ಲಿ ಎಡವಿದರು, ಎಲ್ಲಿ ಯೋಚಿಸದೆ ಮಾಡಿ ಮುಗಿಸಿದರು ಎಂದು ಅವರ ಕಣ್ಣಿಗೇ ಕಾಣಲಿ. ಅವರೂ ತಮ್ಮ ಮನೆಯವರ ಜೊತೆ ಒಂದು ವಾರ ಬಳಸಲಿ, ಮೀಟಿಂಗ್ ಆಮೇಲೆ ಇಟ್ಟುಕೊಳ್ಳಿ.

ಬಿಡುಗಡೆ ಆದ ಮೇಲೂ ಪ್ರತಿಕ್ರಿಯೆ ಬರುತ್ತಲೇ ಇರುತ್ತದೆ, ಬದಲಾವಣೆಯನ್ನೂ ಮಾಡುತ್ತಲೇ ಇರುತ್ತೀರಿ. ಒಂದೇ ಅಪ್‌ಡೇಟ್‌ನಲ್ಲಿ ಬಟನ್‌ಗಳ ಜಾಗ, ಬಣ್ಣ, ಹೆಸರು ಮೂರನ್ನೂ ಬದಲಿಸಬೇಡಿ. ಬಂದ ದೂರು ಯಾವುದರ ಬಗ್ಗೆ ಅಂತ ನಿಮಗೇ ತಿಳಿಯುವುದಿಲ್ಲ. ಜನ ದಿನಾ ಒತ್ತುವ ಬಟನ್‌ನ ಜಾಗ ಬದಲಿಸಲೇಬೇಕಾದರೆ ಮೊದಲು ಕೆಲವರಿಗೆ ಮಾತ್ರ ಕೊಟ್ಟು ನೋಡಿ, ಹಳೆಯ ಜಾಗದಲ್ಲಿ ಒತ್ತಿದವರಿಗೆ ಹೊಸ ಜಾಗ ತೋರಿಸುವ ಒಂದು ಸಾಲು ಕನ್ನಡದಲ್ಲಿ ಇರಲಿ. ಬೀಟಾದಲ್ಲಿ ದೂರು ಬರೆದವರಿಗೆ ಅವರು ಹೇಳಿದ್ದು ಸರಿಹೋದ ದಿನವೇ ಒಂದು ಮೆಸೇಜ್ ಹಾಕಿ. ಆಮೇಲೆ ಅದೇ ಕೆಲಸವನ್ನು ಅವರ ಕೈಯಲ್ಲೇ ಇನ್ನೊಮ್ಮೆ ಮಾಡಿಸಿ ನೋಡಿ.